ಸೈಕಲ್ಲಿನ ವೇಗ ಮತ್ತು ನಮ್ಮ ಹುಲ್ಲುಗಾವಲಿನ ಗಾಳಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿದಾಗ, ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದ ನಾನು ಯಲಹಂಕದ ನಾಡಪ್ರಭುಗಳ ಬಗ್ಗೆಯೋ ನಮ್ಮ ಕೆರೆಯ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಳೆದ ಶಾಲಾ ವಾರ್ಷಿಕೋತ್ಸವದ ದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ಹತ್ತಿರ ಬಂದು, “ಸಾರ್, ನೀವು ಇಲ್ಲಿ ಓದ್ವಾಗ ಸೈಕಲ್ ರೇಸಲ್ಲಿ ಪ್ರೈಜ್ ತಗೊಂಡಿದ್ರಂತೆ. ಸ್ಪೀಡಾಗಿ ತುಳಿಯೋಕೆ ಏನ್ ಮಾಡ್ಬೇಕು ಸಾರ್?” ಎಂದು ಕೇಳಿದ. “ಜೋರಾಗಿ ತುಳಿಯಪ್ಪ” ಎಂದು ನಗಾಡಿ ಕಳಿಸಿಬಿಟ್ಟೆ. ಮನೆಗೆ ಬಂದ ಮೇಲೆ ಆ ಉತ್ತರ ಮನಸ್ಸಿನಲ್ಲಿ ಕೊರೆಯತೊಡಗಿತು. ಅದು ತಪ್ಪು ಉತ್ತರ. ಅದೇ ತಪ್ಪನ್ನು ನಾನು ಹಿಂದೆ ಒಮ್ಮೆ ಮಾಡಿದ್ದೆ, ಅದರ ಬೆಲೆಯನ್ನು ಬೇರೆಯವರು ತೆತ್ತಿದ್ದರು. ಹಾಗಾಗಿ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

1978ರಲ್ಲಿ ನಾನು ಒಂಬತ್ತನೇ ತರಗತಿ, ನನ್ನ ತಂಗಿ ಎಂಟನೇ ತರಗತಿ. ನಮ್ಮ ಊರು ಬ್ಯಾತದ ಕಡೆ, ಶಾಲೆಗೆ ಆರು ಕಿಲೋಮೀಟರ್. ಈಗಿನಂತೆ ಗಂಟೆಗೊಂದು ಬಸ್ಸು ಇರಲಿಲ್ಲ. ಮನೆಗೆ ಇದ್ದದ್ದು ಅಪ್ಪನ ಒಂದೇ ಸೈಕಲ್ಲು. 28 ಇಂಚಿನ ಗಾಲಿ, ಕಪ್ಪು ಬಣ್ಣ, ಅಗಲವಾದ ಕ್ಯಾರಿಯರ್, ಇಪ್ಪತ್ತು ಕಿಲೋಗೂ ಮೇಲೆ ತೂಕ. ಅದನ್ನು ನಾನು ಕಲಿತದ್ದು ಎಲ್ಲರಂತೆ, ಬಾರಿನ ಕೆಳಗೆ ಕಾಲು ತೂರಿಸಿ ಕತ್ತರಿ ಪೆಡ್ಲು ಹೊಡೆದು. ತಂಗಿ ಕಲಿಯಲಿಲ್ಲ. ಹೆಣ್ಣುಮಗು ಸೈಕಲ್ ತುಳಿಯುವುದೇ ಎಂದು ನಮ್ಮ ಮನೆಯಲ್ಲಿ ಯಾರೂ ಬೈಯಲಿಲ್ಲ, ಏಕೆಂದರೆ ಆ ಪ್ರಶ್ನೆಯೇ ಯಾರಿಗೂ ಹುಟ್ಟಿರಲಿಲ್ಲ. ಅವಳು ಎರಡೂ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕ್ಯಾರಿಯರ್ ಮೇಲೆ ಒಂದೇ ಪಕ್ಕಕ್ಕೆ ಕೂರುತ್ತಿದ್ದಳು.

ಆ ದಾರಿ ತಿಳಿದವರಿಗೆ ನಮ್ಮ ಹುಲ್ಲುಗಾವಲು ಗೊತ್ತು. ಮರವಿಲ್ಲ, ಮನೆಯಿಲ್ಲ, ಗುಡ್ಡವಿಲ್ಲ. ಆಷಾಢ ಬಂತೆಂದರೆ ಪಡುವಣದ ಗಾಳಿ ಆ ಬಯಲಿನಲ್ಲಿ ಅಡೆತಡೆಯಿಲ್ಲದೆ ಬೀಸುತ್ತದೆ. ಬೆಳಿಗ್ಗೆ ನಾವು ಹೋಗಬೇಕಾದ್ದು ಆ ಗಾಳಿಗೆ ಎದುರಾಗಿ. ಸಂಜೆ ಹಿಂದಿನಿಂದ ಯಾರೋ ತಳ್ಳಿದಂತೆ ಮನೆ ಸೇರುತ್ತಿದ್ದೆವು. ಬೆಳಿಗ್ಗೆ ಮಾತ್ರ, ನಿಂತು ತುಳಿದರೂ ಸೈಕಲ್ಲು ಮುಂದೆ ಹೋಗುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟುವುದು ವಾಡಿಕೆಯಾಯಿತು. ಅದೇ ಹೊತ್ತಿಗೆ ಆಗಸ್ಟ್ 15ಕ್ಕೆ ಸೈಕಲ್ ರೇಸ್ ಇದೆ ಎಂದು ಪಿ.ಟಿ. ಮೇಷ್ಟ್ರು ಹೇಳಿದರು. ನನಗೆ ಗೆಲ್ಲಬೇಕಿತ್ತು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪನಿಗೆ ಹೇಳಿದೆ: “ಅವಳನ್ನ ಕೂರಿಸ್ಕೊಂಡ್ ಹೋದ್ರೆ ದಿನಾ ಲೇಟಾಗ್ತದಪ್ಪ. ಭಾರ ಜಾಸ್ತಿ.” ಅಪ್ಪ ಮುದ್ದೆ ಮುರಿಯುತ್ತಾ, “ಹಂಗಾರೆ ಅವಳು ಮನೇಲಿರ್ಲಿ ಬಿಡು. ಹಸೀನೂ ನೋಡ್ಕೋಬೇಕು” ಎಂದರು. ಅಷ್ಟೇ ಮಾತು. ಮರುದಿನದಿಂದ ನಾನೊಬ್ಬನೇ ಹೋದೆ.

ಈ ವಿಷಯವನ್ನು ಇಲ್ಲಿಗೆ ಬಿಟ್ಟು ಚರಿತ್ರೆಗೆ ಬರುತ್ತೇನೆ. ನಾನು ಅಪ್ಪನಿಗೆ ಹೇಳಿದ್ದು ನಿಜವೇ ಸುಳ್ಳೇ ಎಂಬುದು ಆ ಚರಿತ್ರೆಯಲ್ಲೇ ಇದೆ.

ಸೈಕಲ್ಲಿನ ಮೂಲಪುರುಷ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್. 1817ರಲ್ಲಿ ಅವನು ಮಾಡಿದ ಮರದ ಗಾಡಿಗೆ ಎರಡು ಗಾಲಿ ಇದ್ದವು, ಪೆಡಲ್ ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತಾ ಹೋಗಬೇಕು. 1860ರ ದಶಕದಲ್ಲಿ ಫ್ರಾನ್ಸಿನವರು ಮುಂದಿನ ಗಾಲಿಗೇ ಪೆಡಲ್ ಜೋಡಿಸಿದರು. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಹಾಗಾದರೆ ಜೋರಾಗಿ ಹೋಗುವುದು ಹೇಗೆ? ಗಾಲಿಯನ್ನೇ ದೊಡ್ಡದು ಮಾಡು! ಹಾಗೆ ಮಾಡಿ ಮಾಡಿ ಮುಂದಿನ ಗಾಲಿ ಆಳಿನ ಎದೆಮಟ್ಟಕ್ಕೆ ಬೆಳೆಯಿತು. ಸಣ್ಣ ಕಲ್ಲು ಅಡ್ಡ ಬಂದರೂ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಸಣ್ಣ ಗಾಲಿಗಳ ‘ರೋವರ್’ ಸೈಕಲ್ಲಿನ ಹಿಂದಿನ ಗಾಲಿಗೆ ಚೈನು ಹಾಕಿ ಈ ಪೀಡೆಯನ್ನು ತಪ್ಪಿಸಿದ. ಅಪ್ಪನ ಸೈಕಲ್ಲು ಅದರ ಮೊಮ್ಮಗ ಎನ್ನಬಹುದು.

ಚೈನಿನ ಲೆಕ್ಕ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಮಾಡಿ ನೋಡಬೇಕು. ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಅಂದರೆ ಹೆಚ್ಚು ಕಡಿಮೆ 5.4 ಮೀಟರ್ ದೂರ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 19 ಕಿ.ಮೀ., 90 ಸುತ್ತು ತುಳಿದರೆ 29 ಕಿ.ಮೀ. ಹುಡುಗರು ಸಾಮಾನ್ಯವಾಗಿ ಮಾಡುವ ತಪ್ಪು ಪೆಡಲನ್ನು ತೂಕ ಹಾಕಿ ಒತ್ತುವುದು. ಬೇಕಾದ್ದು ಹಗುರವಾಗಿ, ಬೇಗಬೇಗ ಸುತ್ತಿಸುವುದು. ಇದಕ್ಕೆ ಸೀಟು ಸರಿಯಾದ ಎತ್ತರದಲ್ಲಿರಬೇಕು. ಪೆಡಲು ಕೆಳಗೆ ಹೋದಾಗ ಮಂಡಿ ಸ್ವಲ್ಪ ಮಾತ್ರ ಮಡಿಚಿರಬೇಕು. ನಮ್ಮೂರಿನ ಅರ್ಧ ಸೈಕಲ್ಲುಗಳ ಸೀಟು ಇವತ್ತಿಗೂ ಎರಡು ಇಂಚು ಕೆಳಗಿದೆ. ಸ್ಪ್ಯಾನರ್ ಇದ್ದರೆ ಎರಡು ನಿಮಿಷದ ಕೆಲಸ.

ಮುಂದಿನ ಹೆಜ್ಜೆ ಇಟ್ಟವನು ನಮ್ಮ ಊರಿನವರಿಗೆ ಹತ್ತಿರದವನು ಅನ್ನಿಸುತ್ತದೆ, ಏಕೆಂದರೆ ಅವನು ದನದ ಡಾಕ್ಟರು. ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್. ಗಟ್ಟಿ ರಬ್ಬರಿನ ಗಾಲಿಯ ಮೇಲೆ ಕುಲುಕಾಡುತ್ತಿದ್ದ ಮಗನ ಮೂರು ಗಾಲಿಯ ಸೈಕಲ್ಲಿಗೆ 1888ರ ಹೊತ್ತಿಗೆ ಗಾಳಿ ತುಂಬಿದ ಟೈರು ಮಾಡಿಕೊಟ್ಟ. ಮುಂದಿನ ವರ್ಷ ವಿಲಿ ಹ್ಯೂಮ್ ಎಂಬ ಸವಾರ ಆ ದಪ್ಪ ಟೈರು ಹಾಕಿಕೊಂಡು ಬೆಲ್‌ಫಾಸ್ಟ್‌ನ ಸ್ಪರ್ಧೆಗೆ ಬಂದಾಗ ಜನ ನಕ್ಕರಂತೆ. ಗೆದ್ದಾಗ ನಗು ನಿಂತಿತು. ಹಿಂದಿನ ವರ್ಷ ಇದ್ದ ಕಾಲುಗಳೇ ಅವನಿಗೆ ಆಗಲೂ ಇದ್ದವು, ಗಾಲಿಯನ್ನು ಹಿಡಿದೆಳೆಯುತ್ತಿದ್ದ ನೆಲದ ಹಿಡಿತ ಮಾತ್ರ ಸಡಿಲವಾಗಿತ್ತು. ನಾವು ಓದುವಾಗ ಬಸ್‌ಸ್ಟಾಂಡಿನ ಸೈಕಲ್ ಷಾಪಿನ ಸಾಬರು, “ಗಾಳಿ ಇಲ್ದೆ ತುಳಿಯೋದು ಒಂದೇ, ಎತ್ತಿಲ್ದೆ ಗಾಡಿ ಎಳೆಯೋದು ಒಂದೇ” ಅನ್ನುತ್ತಿದ್ದರು. ಪಂಪಿಗೆ ಐದು ಪೈಸೆ ಕೊಡುವುದಕ್ಕೆ ನಾವು ಜಿಪುಣರು. ಗಾಳಿ ಇಳಿದ ಟೈರು, ಎಣ್ಣೆ ಕಾಣದ ಚೈನು, ಬೆಂಡಾಗಿ ಬ್ರೇಕಿಗೆ ಉಜ್ಜುವ ರಿಮ್ಮು, ಸವೆದ ಬೇರಿಂಗ್ ಗುಂಡುಗಳು: ಇವಿಷ್ಟನ್ನು ಸರಿ ಮಾಡಿಕೊಂಡವನು ಒಂದು ದಿನವೂ ಅಭ್ಯಾಸ ಮಾಡದೆ ಮೊದಲಿಗಿಂತ ವೇಗವಾಗಿ ಹೋಗುತ್ತಾನೆ.

ಅರ್ಕಾವತಿಗೆ ಅಡ್ಡಲಾಗಿ ನಮ್ಮ ಹೆಸರಘಟ್ಟದ ಕೆರೆ ಆದದ್ದು 1894ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ. 1896ರಲ್ಲಿ ಚಾಮರಾಜೇಂದ್ರ ವಾಟರ್ ವರ್ಕ್ಸ್ ಮೂಲಕ ನೀರು ಬೆಂಗಳೂರಿಗೆ ಹೋಯಿತು. ಏರಿಯ ಮಣ್ಣು ಕೆಲಸ ನಡೆಯುತ್ತಿದ್ದ 1893ರಲ್ಲೇ ಪ್ಯಾರಿಸ್ಸಿನಲ್ಲಿ ಆಂರಿ ದೆಗ್ರಾಂಜ್ ಎಂಬಾತ ಒಂದು ಗಂಟೆಯಲ್ಲಿ 35.325 ಕಿ.ಮೀ. ತುಳಿದು, ಒಂದು ಗಂಟೆಯ ದಾಖಲೆ ಎಂಬ ಲೆಕ್ಕವನ್ನು ಶುರುಮಾಡಿದ. ಇದೇ ಮನುಷ್ಯ 1903ರಲ್ಲಿ ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನೂ ಆರಂಭಿಸಿದ. ಮೊದಲ ವರ್ಷದ ವಿಜೇತ ಮಾರಿಸ್ ಗಾರಿನ್ ಸರಾಸರಿ ವೇಗ ಗಂಟೆಗೆ 26 ಕಿ.ಮೀ.ಗೂ ಸ್ವಲ್ಪ ಕಡಿಮೆ. ಈಗಿನ ವಿಜೇತರದು 40 ದಾಟಿದೆ. ದೆಗ್ರಾಂಜ್‌ಗೆ ಒಂದು ಹಟವಿತ್ತು. ಗೇರು ಬದಲಿಸುವ ಸಾಧನ ವಯಸ್ಸಾದವರಿಗೆ, ಗಂಡಸಾದವನು ಒಂದೇ ಗೇರಿನಲ್ಲಿ ಬೆಟ್ಟ ಹತ್ತಬೇಕು ಎಂಬ ನಂಬಿಕೆ. ಹೀಗಾಗಿ ಅವನ ಸ್ಪರ್ಧೆಯಲ್ಲಿ 1937ರವರೆಗೂ ಅದಕ್ಕೆ ಅವಕಾಶ ಇರಲಿಲ್ಲ. ವೇಗದ ಚರಿತ್ರೆಯಲ್ಲಿ ಇಂಥ ಹಟಮಾರಿಗಳು ಪ್ರತಿ ತಿರುವಿನಲ್ಲೂ ಸಿಗುತ್ತಾರೆ. ಕಷ್ಟಪಡುವುದೇ ವೇಗ ಎಂದು ಅವರು ತಿಳಿದಿರುತ್ತಾರೆ.

ಇನ್ನು ಗಾಳಿಯ ವಿಷಯ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವವನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದಕ್ಕೆ ಬೇಕಾದ ಶಕ್ತಿ ಘನದಂತೆ. 20ರಿಂದ 40ಕ್ಕೆ ಹೋಗಬೇಕಾದರೆ ಗಾಳಿಯನ್ನು ಎದುರಿಸಲು ಎಂಟು ಪಟ್ಟು ಶಕ್ತಿ ಬೇಕು. ಎಂಟು ಪಟ್ಟು ಬಲವಾದ ಕಾಲು ಯಾರಿಗೂ ಬೆಳೆಯುವುದಿಲ್ಲ. ಆ ತಡೆಯಲ್ಲಿ ಸೈಕಲ್ಲಿನ ಪಾಲು ಸಣ್ಣದು, ಸವಾರನ ಮೈಯದೇ ದೊಡ್ಡದು. ನಮ್ಮ ಉದ್ದ ಹ್ಯಾಂಡಲಿನ ಸೈಕಲ್ಲಿನ ಮೇಲೆ ನೆಟ್ಟಗೆ ಕೂತವನು ಎದೆಯನ್ನೇ ಬಾಗಿಲಿನಂತೆ ಗಾಳಿಗೆ ಒಡ್ಡಿರುತ್ತಾನೆ.

ಇದನ್ನು ಪ್ರಪಂಚಕ್ಕೆ ಚೆನ್ನಾಗಿ ತೋರಿಸಿದವನು ಸ್ಕಾಟ್ಲೆಂಡಿನ ಗ್ರೇಮ್ ಓಬ್ರೀ. ದೊಡ್ಡ ಕಂಪನಿಯ ಬೆಂಬಲವಿಲ್ಲದ ಮನುಷ್ಯ. ತನ್ನ ಸೈಕಲ್ಲನ್ನು ತಾನೇ ಕಟ್ಟಿಕೊಂಡ, ಅದಕ್ಕೆ ಬಟ್ಟೆ ಒಗೆಯುವ ಮಷೀನಿನ ಬೇರಿಂಗ್ ಕೂಡ ಹಾಕಿದ. ತೋಳುಗಳನ್ನು ಎದೆಯ ಕೆಳಗೆ ಮಡಿಚಿ, ಮುಂದಕ್ಕೆ ಬಾಗಿ ಕೂರುವ ಒಂದು ಭಂಗಿ ಕಂಡುಹಿಡಿದ. ಬೆಲ್ಜಿಯಂನ ಮಹಾ ಸವಾರ ಎಡ್ಡಿ ಮರ್ಕ್ಸ್ 1972ರಲ್ಲಿ, ಗಾಳಿ ತೆಳುವಾಗಿರುವ ಮೆಕ್ಸಿಕೋ ನಗರದ ಎತ್ತರಕ್ಕೆ ಹೋಗಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದಿದ್ದ. 1984ರಲ್ಲಿ ಇಟಲಿಯ ಫ್ರಾಂಚೆಸ್ಕೊ ಮೋಸರ್ ಅಲ್ಲೇ 51.151ಕ್ಕೆ ಏರಿಸಿದ. ಓಬ್ರೀ 1993ರ ಜುಲೈ 16ರಂದು ನಾರ್ವೆಯ ಹಾಮಾರ್‌ನಲ್ಲಿ ಪ್ರಯತ್ನಿಸಿ ಸೋತ. ಮರುದಿನ ಬೆಳಿಗ್ಗೆಯೇ ಮತ್ತೆ ಹತ್ತಿದ. ಆ ರಾತ್ರಿ ಕಾಲು ಹಿಡಿದುಕೊಳ್ಳಬಾರದೆಂದು ತುಂಬಾ ನೀರು ಕುಡಿದು, ಮೂತ್ರಕ್ಕೆ ಎಚ್ಚರವಾದಾಗಲೆಲ್ಲಾ ಮೈ ಸಡಿಲಿಸಿಕೊಂಡು ಮಲಗಿದ್ದನಂತೆ. ಆ ಬೆಳಿಗ್ಗೆ ತುಳಿದದ್ದು 51.596 ಕಿ.ಮೀ. ಆರೇ ದಿನಕ್ಕೆ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನು ಮುರಿದ, ಮರುವರ್ಷ ಓಬ್ರೀಯ ಭಂಗಿಗೆ ನಿಷೇಧವೂ ಬಂತು. 2022ರಲ್ಲಿ ಇಟಲಿಯ ಫಿಲಿಪ್ಪೊ ಗನ್ನಾ 56.792 ಕಿ.ಮೀ. ತುಳಿದಿದ್ದಾನೆ. ಆದರೂ ಪಾಠ ಮಾಡುವಾಗ ನನಗೆ ನೆನಪಾಗುತ್ತಿದ್ದದ್ದು ಓಬ್ರೀಯೇ. ನಮ್ಮ ಸೈಕಲ್ ಷಾಪಿನ ಸಾಬರಿಗೂ ಅವನಿಗೂ ಒಳ್ಳೆಯ ಸ್ನೇಹ ಆಗುತ್ತಿತ್ತು.

ಗಾಳಿಯಿಂದ ತಪ್ಪಿಸಿಕೊಳ್ಳುವ ಇನ್ನೊಂದು ದಾರಿ ಬೇರೆಯವರ ಹಿಂದೆ ಹೋಗುವುದು. 1899ರಲ್ಲಿ ಅಮೆರಿಕದ ಚಾರ್ಲ್ಸ್ ಮರ್ಫಿ ರೈಲು ಕಂಬಿಗಳ ನಡುವೆ ಹಲಗೆ ಹಾಸಿಸಿ, ಓಡುವ ರೈಲಿನ ಬೆನ್ನಿಗೆ ಅಂಟಿಕೊಂಡು ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ತುಳಿದ. ಗಂಟೆಗೆ ನೂರು ಕಿಲೋಮೀಟರ್! ದಯವಿಟ್ಟು ನಮ್ಮ ಹುಡುಗರು ಇದನ್ನು ಜಲ್ಲಿ ಟಿಪ್ಪರುಗಳ ಹಿಂದೆ ಪರೀಕ್ಷಿಸಬಾರದು. ಸೈಕಲ್ಲಿನ ಹಿಂದೆ ಸೈಕಲ್ಲು ಸಾಕು. ಮುಂದಿನವನ ಮರೆಯಲ್ಲಿ ಹೋಗುವವನಿಗೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ.

ಇದು ನನಗೆ ಗೊತ್ತಾದದ್ದು 1978ರ ಆಗಸ್ಟ್ 15ರಂದು. ಶಾಲೆಯಿಂದ ಹೊರಟು ಐವರಕಂಡಪುರದ ಕಡೆಗೆ ಹೋಗಿ ವಾಪಸ್ಸು ಬರಬೇಕು. ಕ್ಯಾರಿಯರ್ ಖಾಲಿ, ಎರಡು ವಾರ ಒಬ್ಬನೇ ಅಭ್ಯಾಸ ಮಾಡಿದ್ದೆ. ಶುರುವಿನಿಂದಲೂ ನಾನೇ ಮುಂದೆ. ಹಿಂದೆ ಒಬ್ಬನೇ ಒಬ್ಬ, ನನ್ನ ಗಾಲಿಗೆ ಒಂದು ಮಾರು ದೂರದಲ್ಲಿ, ಉಸಿರಿನ ಸದ್ದೂ ಇಲ್ಲದೆ ಬರುತ್ತಿದ್ದ. ಅವನು ನನ್ನ ತರಗತಿಯವನೇ. ದಿನವೂ ಬೆಳಗಿನ ಜಾವ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಚಿಕ್ಕಬಾಣಾವರದವರೆಗೆ ಹೋಗಿ ಬಂದು ಆಮೇಲೆ ಶಾಲೆಗೆ ಬರುತ್ತಿದ್ದವನು. ಕೊನೆಯ ಇನ್ನೂರು ಗಜ ಇರುವಾಗ ಪಕ್ಕಕ್ಕೆ ಬಂದು, ಬೆನ್ನು ಬಗ್ಗಿಸಿ, ನನ್ನನ್ನು ನಿಂತಲ್ಲೇ ಬಿಟ್ಟು ಹೋದ. ನನಗೆ ಎರಡನೇ ಬಹುಮಾನ, ಒಂದು ಸ್ಟೀಲ್ ಲೋಟ. “ನಿಂಗ್ಯಾಕೋ ಅಷ್ಟು ಶಕ್ತಿ?” ಎಂದು ಕೇಳಿದ್ದಕ್ಕೆ ಅವನು, “ಶಕ್ತಿ ಎಲ್ಲಿಂದು? ಗಾಳಿಯೆಲ್ಲಾ ನೀನ್ ಕುಡ್ದೆ. ಹಾಲಿಗ್ ಹೋಗ್ವಾಗ ದೊಡ್ಡೋರ ಹಿಂದೆ ಹಿಂಗೇ ಹೋಗೋದು ನಾನು” ಎಂದ. ಪುಸ್ತಕದಲ್ಲಿ ಓದದೆ ಅವನು ಅದನ್ನು ತಿಳಿದಿದ್ದ.

ಅವನ ಇನ್ನೊಂದು ಬಂಡವಾಳ ದಿನನಿತ್ಯದ ಆ ಹಾಲಿನ ದಾರಿ. ಅಭ್ಯಾಸದ ಬಗ್ಗೆ ಈಗ ದೊಡ್ಡ ಶಾಸ್ತ್ರವೇ ಇದೆ. ಸಾರಾಂಶ ಮಾತ್ರ ಹಳ್ಳಿಯವನಿಗೆ ಹೊಸದಲ್ಲ: ವಾರದ ಹೆಚ್ಚಿನ ದಿನ ಮಾತಾಡುತ್ತಾ ತುಳಿಯುವಷ್ಟು ನಿಧಾನವಾಗಿ ದೂರ ಹೋಗಬೇಕು, ಒಂದೆರಡು ದಿನ ಉಸಿರು ಸಿಕ್ಕಿಹಾಕಿಕೊಳ್ಳುವಂತೆ ಸ್ವಲ್ಪ ಸ್ವಲ್ಪ ಹೊತ್ತು ಬಿರುಸಾಗಿ ತುಳಿದು ಸುಧಾರಿಸಿಕೊಳ್ಳಬೇಕು, ಚೆನ್ನಾಗಿ ನಿದ್ದೆ ಮಾಡಬೇಕು. ನಮ್ಮ ರಾಜ್ಯದಲ್ಲಿ ಸೈಕಲ್ಲಿನ ತವರು ವಿಜಯಪುರ, ಬಾಗಲಕೋಟೆ, ಜಮಖಂಡಿಯ ಕಡೆ. ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಕರ್ನಾಟಕದ ಹೆಸರು ಉಳಿಸಿದವರಲ್ಲಿ ಬಹಳಷ್ಟು ಮಂದಿ ಆ ಭಾಗದ ರೈತರ ಮಕ್ಕಳು. ಆ ಬಯಲುಸೀಮೆಯ ರಸ್ತೆ ಮತ್ತು ಗಾಳಿ ನಮ್ಮ ಹುಲ್ಲುಗಾವಲಿನ ಅಣ್ಣಂದಿರು. ಬೆಂಗಳೂರಿನ ನವೀನ್ ಜಾನ್ ಎಂಜಿನಿಯರಿಂಗ್ ಓದಿ, ಆಮೇಲೆ ಸೈಕಲ್ಲನ್ನೇ ನೆಚ್ಚಿ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದವರು. 2016ರಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಒಬ್ಬೊಬ್ಬರಾಗಿ ಗಡಿಯಾರದ ವಿರುದ್ಧ ತುಳಿಯುವ ಆ ಸ್ಪರ್ಧೆಗೆ ಭಾರತದಿಂದ ಇಳಿದವರಲ್ಲಿ ಅವರೂ ಒಬ್ಬರು. ಈಗ ಭಾನುವಾರ ಬೆಳಿಗ್ಗೆ ನಮ್ಮ ಕೆರೆಯ ಕಡೆಗೆ ಹೆಲ್ಮೆಟ್ ಹಾಕಿದ ಪೇಟೆಯ ಸವಾರರು ಸಾಲಾಗಿ ಬರುವುದನ್ನು ನೋಡುತ್ತೀರಿ. ಗಮನಿಸಿ, ಮುಂದೆ ಇರುವವನು ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು ಹಿಂದೆ ಹೋಗುತ್ತಾನೆ, ಎರಡನೆಯವನು ಗಾಳಿ ತಗೊಳ್ಳುತ್ತಾನೆ. ಎತ್ತು ಬದಲಿಸಿ ಹೂಡಿದಂತೆ.

ಹೆಣ್ಣುಮಕ್ಕಳ ವಿಷಯ ಹೇಳದಿದ್ದರೆ ಈ ಚರಿತ್ರೆ ಅರ್ಧವಾಗುತ್ತದೆ. ಇಂಗ್ಲೆಂಡಿನ ಬೆರಿಲ್ ಬರ್ಟನ್ ಎಂಬಾಕೆ ಯಾರ್ಕ್‌ಷೈರಿನ ಒಂದು ತೋಟದಲ್ಲಿ ದುಡಿಯುತ್ತಿದ್ದ ತಾಯಿ. ರೂಬಾರ್ಬ್ ಎಂಬ ಸೊಪ್ಪಿನ ದಂಟು ಬೆಳೆಯುವ ತೋಟ. 1967ರಲ್ಲಿ 12 ಗಂಟೆಯ ಸ್ಪರ್ಧೆಯಲ್ಲಿ ಆಕೆ 277.25 ಮೈಲಿ, ಅಂದರೆ 446 ಕಿ.ಮೀ. ತುಳಿದು ಗಂಡಸರ ದಾಖಲೆಯನ್ನೂ ಮೀರಿದಳು. ದಾರಿಯಲ್ಲಿ, ಅದೇ ಸ್ಪರ್ಧೆಯಲ್ಲಿದ್ದ ಗಂಡಸರ ಚಾಂಪಿಯನ್‌ನನ್ನು ದಾಟುವಾಗ ಅವನಿಗೊಂದು ಮಿಠಾಯಿ ಕೊಟ್ಟಳು, ಅವನು ಥ್ಯಾಂಕ್ಸ್ ಹೇಳಿ ತಿಂದ. ಹೆಂಗಸರಲ್ಲಿ ಆ ದಾಖಲೆ ಐವತ್ತು ವರ್ಷ, 2017ರವರೆಗೆ ನಿಂತಿತು. ನಮ್ಮ ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಕಲಿಸುವ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರಿಗೆ ಸೈಕಲ್ ಕಲಿಸಿದರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿತು. ಎಂಟನೇ ತರಗತಿ! ಆ ಎರಡು ಪದ ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಮರುವರ್ಷ ನನ್ನ ತಂಗಿಯ ಕಿರಿಯ ಮಗಳಿಗೂ ಒಂದು ಬಂತು. ಅವಳು ಅದರಲ್ಲೇ ಹೈಸ್ಕೂಲು ಮುಗಿಸಿದಳು.

ಈಗ ಆ ಭಾರದ ಲೆಕ್ಕ. ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಕಾಗದದ ಮೇಲೆ ಹಾಕಿ, ವಿಜ್ಞಾನದ ಮೇಷ್ಟ್ರೊಬ್ಬರಿಗೆ ತೋರಿಸಿ ಸರಿಯಿದೆ ಎನ್ನಿಸಿಕೊಂಡೆ. ನಾನು ಗಂಟೆಗೆ 15 ಕಿ.ಮೀ. ಹೋಗುತ್ತಿದ್ದೆ, ಎದುರು ಗಾಳಿಯೂ ಅಷ್ಟೇ ಎಂದಿಟ್ಟುಕೊಳ್ಳಿ. ಮೈಗೆ ಬಡಿಯುವುದು 30 ಕಿ.ಮೀ. ವೇಗದ ಗಾಳಿ. ಹಿಂದೆ ಕೂತ ಹುಡುಗಿ ನನ್ನ ಮರೆಯಲ್ಲೇ ಇದ್ದಾಳೆ, ಆದ್ದರಿಂದ ಗಾಳಿಯ ತಡೆ ಅವಳಿಂದ ಹೆಚ್ಚುವುದು ಅಷ್ಟಕ್ಕಷ್ಟೆ. ಅವಳ 35 ಕಿಲೋ ಭಾರ ಕೆಲಸ ಕೊಡುವುದು ಟೈರಿಗೆ. ಸಮತಟ್ಟಾದ ದಾರಿಯಲ್ಲಿ ಆ ಹೆಚ್ಚುವರಿ ತಡೆ, ನನ್ನ ನೆಟ್ಟನೆಯ ಎದೆಗೆ ಬಡಿಯುವ ಗಾಳಿಯ ತಡೆಯ ಐದನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಏರಿನಲ್ಲಿ ಭಾರ ಭಾರವೇ, ಒಪ್ಪುತ್ತೇನೆ. ನಮ್ಮ ದಾರಿಯಲ್ಲಿ ಏರು ಎಷ್ಟಿತ್ತು? ಹ್ಯಾಂಡಲಿನ ಮೇಲೆ ಬಗ್ಗಿ, ಟೈರಿಗೆ ಐದು ಪೈಸೆಯ ಗಾಳಿ ಹೊಡೆಸಿ, ಚೈನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟಿದ್ದರೆ ಅವಳ ಭಾರ ಅಲ್ಲೇ ತೀರಿಹೋಗುತ್ತಿತ್ತು. ಕಾಲು ಗಂಟೆ ಮುಂಚೆ ಎದ್ದಿದ್ದರೆ ಯಾವ ಲೆಕ್ಕವೂ ಬೇಕಿರಲಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಇದನ್ನು ಅವಳಿಗೆ ಹೇಳಿದೆ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಗದ ತೆಗೆದು ತೋರಿಸಿದೆ. ಅವಳು ಅದನ್ನು ನೋಡಲೂ ಇಲ್ಲ. “ನಂಗ್ ಗೊತ್ತಿತ್ತಣ್ಣ” ಅಂದಳು. “ನಿನ್ ಬೆನ್ನಿಂದೆ ಕೂತಿದ್ರೆ ಗಾಳೀನೇ ತಾಕ್ತಿರ್ಲಿಲ್ಲ. ನಿನ್ ಷರ್ಟು ಮಾತ್ರ ಪಟಪಟ ಅಂತ ಹೊಡ್ಕೊಳ್ಳೋದು.” ಸ್ವಲ್ಪ ಹೊತ್ತು ಕಾಯಿ ಸುಲಿದು, “ಜುಬಿಲಿಗೆ ಎಲ್ರುನ್ನೂ ಕರೀತಾರಾ, ಇಲ್ಲಾ ಪಾಸಾದೋರ್ನ ಮಾತ್ರಾನಾ? ಎರಡ್ ತಿಂಗ್ಳು ಓದ್ದೋರ್ನ ಕರೀತಾರಾ?” ಎಂದು ಕೇಳಿದಳು.

ಮರುದಿನ ಶಾಲೆಗೆ ಹೋಗಿ ಹಳೆಯ ಹಾಜರಿ ಪುಸ್ತಕ ಕೇಳಿದೆ. ಗುಮಾಸ್ತರು ಬೀರುವಿನ ಕೆಳಗಿನ ಅರೆಯಿಂದ ಹುಡುಕಿ ತೆಗೆದುಕೊಟ್ಟರು, ಧೂಳಿಗೆ ಇಬ್ಬರೂ ಸೀನಿದೆವು. 1978-79, ಎಂಟನೇ ತರಗತಿ. ಅವಳ ಹೆಸರಿದೆ. ಜೂನ್ ತಿಂಗಳು ಪೂರ್ತಿ ಹಾಜರು. ಜುಲೈ ಕೊನೆಯ ವಾರದಿಂದ ಗೈರುಹಾಜರಿ, ಸೆಪ್ಟೆಂಬರಿನಲ್ಲಿ ಕೆಂಪು ಶಾಯಿಯ ಒಂದು ಗೆರೆ. ಆ ಪುಟದ ನಕಲು ತೆಗೆಸಿ, ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಸೇರಿಸಿಕೊಳ್ಳಲು ಸಮಿತಿಗೆ ಕೊಟ್ಟು ಬಂದಿದ್ದೇನೆ. ಸಮಾರಂಭದ ದಿನ ಅವಳನ್ನು ಮಗಳು ಸ್ಕೂಟರಿನಲ್ಲಿ ಕರೆತರುತ್ತಾಳಂತೆ.